ಸದ್ದು ಮಾಡು ಯೇಸಪ್ಪ!

ಇದು ನಡೆದದ್ದೇ. ಇದರಲ್ಲಿ ಒಂದು ಮಾತು ಸುಳ್ಳಾದ್ರೂ ನಾಳೆ ಬೆಳಿಗ್ಗೆ ನಾನು ಹಲ್ಲುಜ್ಜೋಕೆ ಹೋದಾಗ ಬಾಯಲ್ಲಿ ಹಲ್ಲೇ ಇರಬಾರದು! ಈಗ ಎಷ್ಟಿವೆ ಅಂತ ಮಾತ್ರ ಕೇಳ್ಬೇಡಿ. ಕಥೆ ಕೇಳಿ.

ಮಧ್ಯಾಹ್ನದ ಹೊತ್ತು. ಚರ್ಚಿನಲ್ಲಿ ಒಂದು ನರಪಿಳ್ಳೆ ಇಲ್ಲ. ಬಾಗಿಲನ್ನ ದಡಾರ್ ಅಂತ ತಳ್ಳಿಕೊಂಡು ಒಬ್ಬಳು ಹುಡುಗಿ ಒಳಗೆ ಬಂದ್ಲು. ಮೈಮೇಲೆ ಲಾಂಡ್ರಿಯ ನೀಲಿ ಏಪ್ರನ್, ಮೊಣಕೈ ತನಕ ಒದ್ದೆ, ಹಣೆಮೇಲೆ ಸೋಪಿನ ನೊರೆ. ಮುಂದಿನ ಬೆಂಚಿನ ಹತ್ರ ಮಂಡಿಯೂರಿ, ಕೈ ಜೋಡಿಸಿ, ಪಕ್ಕದ ಮನೆಯವರನ್ನ ಕರೆಯೋ ಹಾಗೆ ಕರೆದ್ಲು.

"ಯೇಸಪ್ಪ! ಇದ್ದೀಯಾ? ಊಟದ ಬಿಡುವಿನಲ್ಲಿ ಬಂದಿದ್ದೀನಿ, ಬೇಗ ಹೇಳಿ ಹೋಗ್ತೀನಿ."

ಅವಳು ಯಾವಾಗ್ಲೂ ಹೀಗೇ. ಲಾಂಡ್ರೀಲಿ ಆಸ್ಪತ್ರೆಯ ಹಾಸಿಗೆ ಬಟ್ಟೆ ಒಗೆಯೋದು ಅವಳ ಕೆಲಸ. ಮೆಷಿನ್ನು ಗುಡುಗ್ತಾ ಇದ್ರೆ ಅದಕ್ಕಿಂತ ಜೋರಾಗಿ ಸ್ತುತಿಗೀತೆ ಹಾಡ್ತಾಳೆ, ಮಧ್ಯೆ ಮಧ್ಯೆ ಯೇಸಪ್ಪನ ಹತ್ರ ಮಾತಾಡ್ತಾಳೆ. ಸಂಜೆ ಆದ್ರೆ ಫುಟ್‌ಬಾಲ್. ಗೋಲ್ ಕಾಯೋಳು. ಒಂದು ಚೆಂಡೂ ಒಳಗೆ ಬಿಡಲ್ಲ ಅಂತ ಗೆಳತಿಯರೆಲ್ಲ ಅವಳನ್ನ 'ಗೋಡೆ' ಅಂತಾರೆ. ನಾವೂ ಹಾಗೇ ಕರೆಯೋಣ, ಅವಳೇನೂ ಬೇಜಾರು ಮಾಡ್ಕೊಳ್ಳಲ್ಲ.

"ದೊಡ್ಡಮ್ಮ ಗಂಡು ಹುಡುಕಿದ್ದಾಳೆ ಯೇಸಪ್ಪ. ಕನ್ನಡಕದಂಗಡಿಯವರು. ಒಳ್ಳೆಯವರೇ. ಕುಡಿಯಲ್ಲ, ಸೇದಲ್ಲ... ನಗೋದೂ ಇಲ್ಲ ಅನ್ಸುತ್ತೆ. ಇವತ್ತು ಸಂಜೆಯೊಳಗೆ ನಾನು ಹೂಂ ಅನ್ನಬೇಕಂತೆ, ಇಲ್ಲ ಊಹೂಂ ಅನ್ನಬೇಕಂತೆ. ನೀನೇ ಒಂದು ಗುರುತು ಕೊಡು. ಹಿಂದೆ ಬೈಬಲಲ್ಲಿ ಆ ಗಿಡಿಯೋನ ಗುರುತು ಕೇಳಿದಾಗ ಉಣ್ಣೆ ಒದ್ದೆ ಮಾಡಿ ತೋರಿಸಿದ್ಯಲ್ಲ, ಆ ಥರ. ಆದ್ರೆ ಒದ್ದೆ ಬೇಡಪ್ಪಾ! ದಿನಾ ಅದನ್ನೇ ನೋಡ್ತೀನಿ, ನನಗೆ ಗೊತ್ತೇ ಆಗಲ್ಲ."

ಒಂದು ಕ್ಷಣ ಯೋಚಿಸಿದ್ಲು.

"ಒಪ್ಕೋ ಅಂತಿದ್ರೆ ಏನಾದ್ರೂ ಒಂದು ಸದ್ದು ಮಾಡು. ಬೇಡ ಅಂತಿದ್ರೆ ಸುಮ್ನಿರು."

ನಿಶ್ಶಬ್ದ... ಎಲ್ಲೋ ಒಂದು ನೊಣ ಕೂಡ ರೆಕ್ಕೆ ಮಡಚಿಕೊಂಡು ಕೂತಿತ್ತು ಅಂದ್ಕೊಳ್ಳಿ. ಗೋಡೆಯ ತುಟಿ ತುದೀಲಿ ಸಣ್ಣ ನಗು ಮೂಡ್ತು. ಎದ್ದುಬಿಡೋಣ ಅಂತ ಒಂದು ಮಂಡಿ ಎತ್ತಿದ್ಲು...

ಭೋಂಂಂಂ!!!

ಅಬ್ಬಬ್ಬಾ! ಸೂರಿನಿಂದ ಧೂಳು ಉದುರ್ತು. ಕಿಟಕಿ ಗಾಜೆಲ್ಲ ಚಳಿ ಬಂದವರ ಹಲ್ಲಿನ ಹಾಗೆ ಕಟಕಟ ಅಂತು. ಪಕ್ಕದ ರಸ್ತೆಯ ಕ್ಷೌರದಂಗಡೀಲಿ ಯಾರದ್ದೋ ಅರ್ಧ ಮೀಸೆ ಹೋಯ್ತು. ಆಮೇಲೆ ಅವರು ಇನ್ನರ್ಧವನ್ನೂ ಬೋಳಿಸಿಕೊಂಡ್ರು, ಪಾಪ.

ಗೋಡೆ ನಡುಗಿಹೋದ್ಲು. ಕಣ್ಣಲ್ಲಿ ನೀರು ತಾನಾಗೇ ಇಳೀತು.

"ಇಷ್ಟು ಜೋರಾಗಿ ಬೇಕಿರ್ಲಿಲ್ಲ ಯೇಸಪ್ಪ... ಆದ್ರೆ ಕೇಳಿಸ್ತು. ಆಮೆನ್."

ಅಷ್ಟು ಹೇಳಿ ಓಡಿಬಿಟ್ಲು.

ಈಗ ಮೇಲೆ ನೋಡಿ. ಆ ಚರ್ಚಿನ ಬಾಲ್ಕನೀಲಿ ಒಂದು ಹಳೇ ಆರ್ಗನ್ ಇತ್ತು. ಕೊಳಲಿನಷ್ಟು ಸಣ್ಣದರಿಂದ ದೀಪದ ಕಂಬದಷ್ಟು ದೊಡ್ಡದರ ತನಕ ಸಾಲುಸಾಲು ಕೊಳವೆಗಳು. ಒಳಗೆ ಮನುಷ್ಯ ನುಗ್ಗಿ ಓಡಾಡಬಹುದು, ಅಷ್ಟು ದೊಡ್ಡದು. ಕಾಲವಾಗಿ ಎಷ್ಟು ವರ್ಷ ಆಗಿತ್ತೋ, ಅದನ್ನ ಬೀರು ಅಂತಲೇ ಎಷ್ಟೋ ಜನ ನಂಬಿದ್ರು. ಹಿಂದೊಮ್ಮೆ ಪಾದ್ರಿಯವರು "ಆರ್ಗನ್ ಮತ್ತೆ ನುಡಿಯುತ್ತೆ!" ಅಂತ ಎಲ್ಲರ ಮುಂದೆ ಹೇಳಿ, ಅದು ಎರಡು ಸಲ ಕೆಮ್ಮಿ ಸುಮ್ಮನಾಗಿ, ಜನ ಬಿದ್ದುಬಿದ್ದು ನಕ್ಕಿದ್ರು. ಅದಕ್ಕೇ ಈ ಸಲ ಗುಟ್ಟಾಗಿ ರಿಪೇರಿಯವನನ್ನ ಕರೆಸಿ, "ನುಡಿಯೋ ತನಕ ಯಾರಿಗೂ ಹೇಳ್ಬೇಡಪ್ಪಾ. ಮರದ ಕೆಲಸಕ್ಕೆ ಬಂದಿದ್ದೀನಿ ಅನ್ನು" ಅಂತ ಮಾತು ತಗೊಂಡಿದ್ರು.

ಆ ರಿಪೇರಿಯವನು ಆಗ ಆರ್ಗನ್ನಿನ ಹೊಟ್ಟೆಯೊಳಗೆ ಇದ್ದ. ಗಾಳಿ ಎಲ್ಲಿ ಸೋರುತ್ತೆ ನೋಡೋಣ ಅಂತ ತಿದಿಗೆ ಗಾಳಿ ತುಂಬಿ, ಮೊಣಕಾಲ ಮೇಲೆ ತೆವಳ್ತಿದ್ದ. ಕೆಳಗೆ ಹುಡುಗಿ ದನಿ ಕೇಳಿಸ್ತು. ಬೇರೆಯವರ ಪ್ರಾರ್ಥನೆ ಕದ್ದು ಕೇಳೋದು ತಪ್ಪು ಅಂತ ಹಿಂದೆ ಸರಿಯೋಕೆ ಹೋದ... ಮೊಣಕಾಲು ಎಲ್ಲಕ್ಕಿಂತ ದೊಡ್ಡ ಕೊಳವೆಗೆ ಗಾಳಿ ಬಿಡೋ ಸಲಾಕೆ ಮೇಲೆ ಬಿತ್ತು!

ಅವನು ಜೇಡರಬಲೆ ಹರ್ಕೊಂಡು ಹೊರಗೆ ಬರೋ ಹೊತ್ತಿಗೆ ಕೆಳಗೆ ಯಾರೂ ಇರ್ಲಿಲ್ಲ. ಬಾಗಿಲಾಚೆ ನೀಲಿ ಏಪ್ರನ್ನಿನ ಗಂಟು ಮಾತ್ರ ಕಂಡಿತು.

'ಅಯ್ಯೋ ದೇವರೇ... ನಾನು ಒಬ್ಬಳ ಮದುವೆ ಮಾಡಿಬಿಟ್ನಾ?'

ಮಾರನೇ ದಿನ ಅವನು ಲಾಂಡ್ರಿ ಹುಡುಕಿಕೊಂಡು ಹೋದ. ಕೈಯಲ್ಲಿ ಒಂದು ಗಂಟು. ಆರ್ಗನ್ನಿನ ಒಳಗಿನ ಉಣ್ಣೆಪಟ್ಟಿಗಳು, ಧೂಳು ಮೆತ್ತಿದ್ದು. ಒಗೆಸೋ ನೆಪ. ನಿಜ ಹೇಳಿ ಕ್ಷಮೆ ಕೇಳೋದು ಉದ್ದೇಶ.

"ಉಣ್ಣೆನಾ ಇದು?" ಗೋಡೆ ಮೂಗಿನ ಹತ್ರ ಹಿಡಿದು ಸೀನಿದ್ಲು. "ಬಿಸಿನೀರಿಗೆ ಹಾಕಿದ್ರೆ ಕುಗ್ಗಿ ಕೂಸಿನ ಕಾಲುಚೀಲ ಆಗುತ್ತೆ. ಕೈಯಲ್ಲೇ ಒಗೀಬೇಕು. ನೀವು ಯಾರು?"

"ನಾನು... ಚರ್ಚಲ್ಲಿ... ಮರದ ಕೆಲಸಕ್ಕೆ ಬಂದಿದ್ದೀನಿ."

"ತಲೆಮೇಲಿರೋದು ಕೂದಲಾ, ಜೇಡರಬಲೆನಾ?"

"ಎರಡೂ."

ಅವಳು ನಕ್ಕಳು. ಆ ನಗು ನೋಡಿ ಅವನು ಮನೆಯಿಂದ ಕಟ್ಟಿಕೊಂಡು ಬಂದ ಮಾತೆಲ್ಲ ಗಂಟು ಬಿಚ್ಚಿ ಚೆಲ್ಲಾಪಿಲ್ಲಿ ಆಯ್ತು.

"ಸರಿ ಧೂಳಪ್ಪನವ್ರೇ, ಎರಡು ದಿನ ಬಿಟ್ಟು ಬನ್ನಿ. ಇವತ್ತು ನನಗೆ ತುಂಬ ಖುಷಿ! ಗೊತ್ತಾ, ನಿನ್ನೆ ದೇವರು ನನಗೆ ಉತ್ತರ ಕೊಟ್ಟ. ನಿಮ್ಮ ಚರ್ಚಲ್ಲೇ! ಗುಡುಗಿನ ಹಾಗೆ!"

ಇಸ್ತ್ರಿ ರೋಲರಿನ ಹತ್ರ ನಿಂತಿದ್ದ ಅಕ್ಕ ಆಗ್ಲೇ ಕಣ್ಣೊರೆಸಿಕೊಳ್ತಿದ್ಲು. "ಬೆಳಿಗ್ಗೆಯಿಂದ ಹತ್ತು ಸಲ ಹೇಳಿದ್ದಾಳೆ ಕಣಪ್ಪಾ, ನನಗೆ ಹತ್ತು ಸಲಾನೂ ಅಳು ಬಂತು."

ಧೂಳಪ್ಪ ಬಾಯಿ ತೆಗೆದ. "ಅದು... ಆ ಸದ್ದು..."

"ನಮ್ಮಮ್ಮ ತೀರಿಹೋದಾಗ ಎಷ್ಟು ಕೂಗಿದ್ದೀನಿ ಗೊತ್ತಾ?" ಗೋಡೆಯ ದನಿ ಮೆತ್ತಗಾಯ್ತು. "ಒಂದು ಸದ್ದೂ ಇರ್ಲಿಲ್ಲ. ಮೊದಲನೇ ಸಲ ಅವನು ಬಾಯಿಬಿಟ್ಟಿದ್ದು, ಇದೇ."

ಧೂಳಪ್ಪ ಬಾಯಿ ಮುಚ್ಚಿದ.

ಹೇಳಿ, ನೀವಾಗಿದ್ರೆ ತೆಗೀತಿದ್ರಾ?

ಪಟ್ಟಿ ತಗೊಂಡು ಹೋಗೋಕೆ ಬಂದ. ಇನ್ನೊಂದಿಷ್ಟು ಪಟ್ಟಿ ಕೊಡೋಕೆ ಬಂದ. ತೊಳೆದ ಪಟ್ಟೀನೇ ಧೂಳಲ್ಲಿ ಹೊರಳಾಡಿಸಿ ತಂದ ಅಂತಲೂ ಇಸ್ತ್ರಿ ಅಕ್ಕ ಹೇಳ್ತಾಳೆ. ಸಂಜೆ ಮೈದಾನಕ್ಕೂ ಬಂದು ಗೋಲಿನ ಹಿಂದೆ ಕೂರೋಕೆ ಶುರುಮಾಡಿದ.

"ಪಂದ್ಯಕ್ಕೆ ಮುಂಚೆ ಪ್ರಾರ್ಥನೆ ಮಾಡ್ತೀರಲ್ಲ, ಗೆಲ್ಸು ಅಂತ ಕೇಳ್ತೀರಾ?"

"ಛೆ! ಆ ಕಡೆ ಹುಡುಗಿಯರೂ ಕೇಳ್ತಾರಲ್ಲ, ಅವರಿಗೂ ಅವನೇ ಅಪ್ಪ. ಪಾಪ, ಯಾರ ಮಾತು ಕೇಳ್ತಾನೆ? ನಾನು ಒಂದೇ ಕೇಳೋದು. ಚೆಂಡು ಎಲ್ಲಿಗಾದ್ರೂ ಬರ್ಲಿ, ಮೂಗಿಗೆ ಬೇಡ ಅಂತ." ಕೈಗವಸು ಬಿಚ್ಚುತ್ತಾ ಕೇಳಿದ್ಲು, "ನೀವು ಏನು ಕೇಳ್ತೀರಾ?"

"ನಾನು ಎಷ್ಟು ಚರ್ಚಿನ ಒಳಗಿದ್ದೀನೋ ಲೆಕ್ಕ ಇಲ್ಲ. ಆದ್ರೆ ಎಲ್ಲ ಕೆಲಸದ ದಿನ. ಒಂದು ಭಾನುವಾರಾನೂ ಕೂತಿಲ್ಲ. ಏನು ಮಾತಾಡ್ಬೇಕು ಅಂತಲೇ ಗೊತ್ತಿಲ್ಲ."

"ಇದೊಳ್ಳೆ ಕಥೆ! ನನ್ನ ಹತ್ರ ಇಷ್ಟು ಹೊತ್ತು ಮಾತಾಡ್ತೀರಲ್ಲ, ಹಾಗೇ."

ಅವನು ಹುಲ್ಲು ಕೀಳ್ತಾ ಕೂತ. ಅವಳಿಗೆ ಅವನ ಮೌನ ಯಾಕೋ ಹಿತವಾಗಿತ್ತು. ಕನ್ನಡಕದಂಗಡಿಯವರ ಮೌನ ಹಾಗಲ್ಲ, ಅಂಗಡಿ ಬಾಗಿಲು ಹಾಕಿದ ಹಾಗೆ...

'ಥೂ! ಇದೇನು ಹೋಲಿಕೆ ಮಾಡ್ತಿದ್ದೀನಿ? ಉತ್ತರ ಬಂದಾಗಿದೆ!'

"ಒಂದು ಕೇಳ್ಲಾ?" ಅವನೇ ಅಂದ. "ಆ ಕನ್ನಡಕದವರನ್ನ ನೀವು ಇಷ್ಟಪಡ್ತೀರಾ?"

"ಇಷ್ಟದ ಮಾತೆಲ್ಲಿ ಬಂತು? ಕೇಳ್ದೆ, ಯೇಸಪ್ಪ ಹೇಳಿದ. ಭಾನುವಾರ ಆರಾಧನೆ ಮುಗಿದ ಮೇಲೆ ನಿಶ್ಚಿತಾರ್ಥ." ಅವಳು ಚೆಂಡನ್ನ ಎದೆಗೆ ಅವುಚಿಕೊಂಡ್ಲು. "ನೀವೂ ಬನ್ನಿ."

ಅವನು ಅವಳ ಮುಖ ನೋಡಿದ. ಪ್ರತಿ ಚೆಂಡಿಗೂ ಹಾರೋ ಹುಡುಗಿ, ಒಂದನ್ನ ಮಾತ್ರ ಕೈಕಟ್ಟಿ ಒಳಗೆ ಬಿಡ್ತಿದ್ದಾಳೆ. ಅದೂ ಅವನ ಮೊಣಕಾಲಿನಿಂದಾಗಿ!

ಶನಿವಾರ ಬೆಳಿಗ್ಗೆ. ಲಾಂಡ್ರಿ ಹಿಂದಿನ ಅಂಗಳದ ತುಂಬ ಬಿಳೀ ಬಟ್ಟೆ ಹಾರಾಡ್ತಿತ್ತು. ಅವನು ಒಂದೊಂದೇ ಸರಿಸ್ತಾ ಬಂದು ಅವಳೆದುರು ನಿಂತ. ಕೈಯಲ್ಲಿ ಗಂಟು ಇರ್ಲಿಲ್ಲ.

"ಇವತ್ತು ಪಟ್ಟಿ ಇಲ್ವಾ ಧೂಳಪ್ಪನವ್ರೇ?"

"ಆ ಸದ್ದು ಮಾಡಿದ್ದು ನಾನು."

"ಯಾವ ಸದ್ದು?"

"ಭೋಂ ಅಂತು ನೋಡಿ... ಅದು. ನಾನು ಮರದ ಕೆಲಸದವನಲ್ಲ, ಆರ್ಗನ್ ರಿಪೇರಿ ಮಾಡೋನು. ಅದರ ಒಳಗಿದ್ದೆ. ನೀವು ಮಾತಾಡೋದು ಕೇಳಿ ಹಿಂದೆ ಸರಿಯೋಕೆ ಹೋದೆ. ಮೊಣಕಾಲು ತಾಗ್ತು."

ಗೋಡೆಯ ಬಾಯಲ್ಲಿದ್ದ ಬಟ್ಟೆ ಕ್ಲಿಪ್ಪು ಕೆಳಗೆ ಬಿತ್ತು.

"ಅಂದ್ರೆ... ಇಷ್ಟು ದಿನ... ದೇವರು, ಗುಡುಗು ಅಂತ ನಾನು ಹೇಳುವಾಗೆಲ್ಲ... ನೀವು ಕೂತು ನಗ್ತಿದ್ರಾ?!"

"ಇಲ್ಲ! ಆಣೆಗೂ ಇಲ್ಲ! ಹೇಳಿದ್ರೆ ನಿಮ್ಮ ನಂಬಿಕೆ ಒಡೆದುಹೋಗುತ್ತೆ ಅಂತ ಹೆದರಿದೆ..."

"ನನ್ನ ನಂಬಿಕೆ ಏನು ನಿಮ್ಮ ಮೊಣಕಾಲ ಮೇಲೆ ನಿಂತಿದೆ ಅಂದ್ಕೊಂಡ್ರಾ?"

ಅವಳು ಒದ್ದೆ ಬಟ್ಟೆ ಎತ್ತಿ ರಪ್ಪಂತ ಒದರಿದ್ಲು. ಅರ್ಧ ನೀರು ಅವನ ಮುಖಕ್ಕೇ. ಅವನು ಒರೆಸಿಕೊಳ್ಳಲೂ ಇಲ್ಲ.

"ಹೋಗಿ ಇಲ್ಲಿಂದ!"

ಅವನು ಹೋದ. ಇಸ್ತ್ರಿ ಅಕ್ಕ ಕಿಟಕಿಯಿಂದ ಬಗ್ಗಿ ನೋಡಿ ಹನ್ನೊಂದನೇ ಸಲ ಅತ್ತಳು, ಈ ಸಲ ಯಾಕೆ ಅಂತ ಅವಳಿಗೂ ಗೊತ್ತಿರ್ಲಿಲ್ಲ.

ಸಂಜೆ ಗೋಡೆ ಖಾಲಿ ಮೈದಾನದಲ್ಲಿ ಗೋಲಿನ ಕಂಬಕ್ಕೆ ಒರಗಿ ಕೂತ್ಲು. ಮೊದಮೊದಲು ಸಿಟ್ಟು. ಆಮೇಲೆ ಅಳು. ಆಮೇಲೆ ಅಭ್ಯಾಸಬಲ.

"ಯೇಸಪ್ಪ... ಇದ್ದೀಯಾ?"

ಗಾಳಿ ಬೀಸ್ತು. ಬಲೆ ಅಲ್ಲಾಡ್ತು. ಅಷ್ಟೇ.

"ಅಮ್ಮ ಹೋದಾಗಲೂ ನೀನು ಸುಮ್ನಿದ್ದೆ. ಆದ್ರೂ ಮಾರನೇ ದಿನ ಬಂದು ನಾನು ನಿನ್ನ ಹತ್ರ ಮಾತಾಡ್ದೆ ಅಲ್ವಾ? ಅದರ ಮಾರನೇ ದಿನಾನೂ. ಒಂದು ಸದ್ದಿಲ್ದೆ ಇಷ್ಟು ವರ್ಷ ನಿನ್ನ ಪಕ್ಕ ಕೂತಿದ್ದೀನಿ. ಈಗ ಒಂದು ಸದ್ದು ನಿನ್ನದಲ್ಲ ಅಂತ ಗೊತ್ತಾದ್ರೆ ಏನು ಕಳ್ಕೊಂಡೆ?"

ಮೂಗೊರೆಸಿಕೊಂಡ್ಲು. ಆಗ ಒಂದು ಮಾತು ಹೊಳೀತು ನೋಡಿ, ಕುಳಿತಲ್ಲೇ ನೆಟ್ಟಗಾದ್ಲು!

ಒಪ್ಕೋ ಅಂದ್ರೆ ಸದ್ದು, ಬೇಡ ಅಂದ್ರೆ ಮೌನ ಅಂತ ಯಾಕೆ ಕೇಳ್ದೆ? ತಿರುಗಿಸಿ ಕೇಳಬಹುದಿತ್ತಲ್ಲ? ಖಾಲಿ ಚರ್ಚು... ಯಾರೂ ಇಲ್ಲ... ಸದ್ದು ಆಗಲ್ಲ ಅಂತ ಗೊತ್ತಿದ್ದೇ ಕೇಳಿದ್ದು! ಮನಸ್ಸಲ್ಲಿ ಆಗ್ಲೇ ಊಹೂಂ ಇತ್ತು. ದೊಡ್ಡಮ್ಮನಿಗೆ ಹೇಳೋ ಧೈರ್ಯ ಇಲ್ದೆ, ದೇವರ ಬಾಯಲ್ಲಿ ಹೇಳಿಸೋಕೆ ಹೊರಟಿದ್ದೆ!

"ಅಯ್ಯೋ ಯೇಸಪ್ಪ! ನಾನು ನಿನ್ನ ಜೊತೆನೇ ಕಳ್ಳಾಟ ಆಡಿದ್ನಾ?!"

ನಾಚಿಕೆಯಾಯ್ತು. ಅದರ ಹಿಂದೆಯೇ ನಗು ಬಂತು. ಒಬ್ಬಳೇ ಕೂತು ಹೊಟ್ಟೆ ಹಿಡ್ಕೊಂಡು ನಕ್ಕಳು. ಆ ನಗು ನಿಂತ ಮೇಲೆ ಒದ್ದೆ ಮುಖದಲ್ಲಿ ನಿಂತಿದ್ದ ಒಬ್ಬನು ನೆನಪಾದ. ಸುಳ್ಳಲ್ಲೇ ಆರಾಮಾಗಿ ಇರಬಹುದಿತ್ತು ಅವನು. ಅವಳನ್ನ ಕಳ್ಕೊಳ್ತೀನಿ ಅಂತ ಗೊತ್ತಿದ್ದೂ ಬಂದು ಹೇಳಿದ...

ಭಾನುವಾರ ಆರಾಧನೆಗೆ ಮುಂಚೆ ಕನ್ನಡಕದಂಗಡಿಯವರು ಗೇಟಿನ ಹತ್ರ ಹೊಸ ಕೋಟು ಹಾಕ್ಕೊಂಡು ನಿಂತಿದ್ರು. ಪಕ್ಕದಲ್ಲಿ ದೊಡ್ಡಮ್ಮ. ದೊಡ್ಡಮ್ಮ ಅಂದ್ರೆ ಸಾಮಾನ್ಯ ಅಲ್ಲ, ಅವಳು ಕೆಮ್ಮಿದ್ರೆ ಬೀದಿ ನಾಯಿ ಸಾಲಾಗಿ ನಿಲ್ತಿದ್ವು.

ಗೋಡೆ ನೇರ ಹೋಗಿ ನಿಂತ್ಲು. "ನನ್ನನ್ನ ಕ್ಷಮಿಸಿ. ನನಗೆ ಈ ಮದುವೆ ಬೇಡ. ಮೊದಲೇ ಹೇಳ್ಬೇಕಿತ್ತು, ಧೈರ್ಯ ಇರ್ಲಿಲ್ಲ."

"ಏನೇ ಅಂದೆ?!" ದೊಡ್ಡಮ್ಮ. "ದೇವರೇ ಹೇಳಿದ ಅಂದ್ಯಲ್ಲೇ!"

"ದೇವರು ಹೇಳಿರ್ಲಿಲ್ಲ ದೊಡ್ಡಮ್ಮ, ನಾನೇ ಹೇಳಿಸಿದ್ದೆ. ತಪ್ಪು ನನ್ನದು. ಬೈಯೋದಾದ್ರೆ ಮನೇಲಿ ಬೈ, ಎಷ್ಟು ಹೊತ್ತಾದ್ರೂ ಕೂತು ಕೇಳ್ತೀನಿ."

ಕನ್ನಡಕದಂಗಡಿಯವರು ಕನ್ನಡಕ ತೆಗೆದ್ರು. ಒರೆಸಿದ್ರು. ಮತ್ತೆ ಹಾಕಿಕೊಂಡ್ರು.

"ನಿಜ ಹೇಳ್ಲಾ? ನಿಮ್ಮ ಹಾಡು ಕೇಳಿದ್ರೆ ನನಗೆ ತಲೆನೋವು ಬರುತ್ತೆ. ಜೀವನಪೂರ್ತಿ ಹೇಗಪ್ಪಾ ಅಂತ ಯೋಚನೆ ಆಗಿತ್ತು. ಹೇಳೋಕೆ ಸಂಕೋಚ." ಅಂದವರೇ ಮೊಟ್ಟಮೊದಲ ಸಲ ನಕ್ಕರು! ಚೆನ್ನಾಗೇ ನಗ್ತಿದ್ರು, ಸುಳ್ಳು ಹೇಳ್ಬಾರ್ದು.

ದೊಡ್ಡಮ್ಮ ಏನೋ ಹೇಳೋಕೆ ಬಾಯಿ ತೆಗೆದ್ಲು. ಅಷ್ಟರಲ್ಲಿ ಒಳಗಿನಿಂದ ಆರ್ಗನ್ ನುಡೀತು...

ಅಬ್ಬಾ! ಬೀರು ಅಂದ್ಕೊಂಡಿದ್ದೋರೆಲ್ಲ ಬೆಂಚು ಬಿಟ್ಟು ಎದ್ದುನಿಂತ್ರು. ಪಾದ್ರಿಯವರ ಮುಖ ಮಗು ಹುಟ್ಟಿದ ಮನೆಯ ಯಜಮಾನನ ಹಾಗೆ ಆಗಿತ್ತು. ಬಾರಿಸೋಕೆ ಅವರ ಹೆಂಡತಿಯೇ ಕೂತಿದ್ರು. ಎಲ್ಲರೂ ಹಾಡೋಕೆ ಶುರುಮಾಡಿದ್ರು. ಆದ್ರೆ ಎರಡನೇ ಚರಣಕ್ಕೆ ಆರ್ಗನ್ನಿನ ದನಿ ಯಾಕೋ ತೇಕೋಕೆ ಹತ್ತಿತು.

ಗೋಡೆ ಮೆಟ್ಟಿಲು ಹತ್ತಿ ಬಾಲ್ಕನಿಗೆ ಓಡಿದ್ಲು. ಆರ್ಗನ್ನಿನ ಪಕ್ಕದ ಸಣ್ಣ ಬಾಗಿಲಿನಿಂದ, ಹೊಸ ಬಟ್ಟೆ ಅಂತಲೂ ನೋಡದೆ, ತೆವಳಿ ಒಳಗೆ ನುಗ್ಗಿದ್ಲು.

ಒಳಗೆ ಧೂಳಪ್ಪ. ಗಾಳಿ ತುಂಬೋ ಮೋಟರು ಸುಟ್ಟುಹೋಗಿತ್ತು. ತಿದಿಯ ಹಳೇ ಮರದ ಹಿಡಿ ಹಿಡ್ಕೊಂಡು ಮೇಲೆ ಕೆಳಗೆ, ಮೇಲೆ ಕೆಳಗೆ ಒತ್ತುತ್ತಿದ್ದ. ಬೆವರು ಧಾರಾಕಾರ. ಕೈ ಸೋತಿತ್ತು.

"ಸರೀರಿ ಆಚೆ!" ಹಿಡಿ ಕಿತ್ಕೊಂಡು ಅವಳೇ ಒತ್ತೋಕೆ ಶುರುಮಾಡಿದ್ಲು. ಒದ್ದೆ ಬಟ್ಟೆ ಹಿಂಡಿದ ಕೈ ಅದು. ಆರ್ಗನ್ ಹುಲಿಯ ಹಾಗೆ ಎದ್ದು ಕೂತಿತು!

"ನೀವು ಇಲ್ಲಿ... ನಿಶ್ಚಿತಾರ್ಥ..."

"ಬೇಡ ಅಂದೆ." ಒತ್ತು. "ಅವರಿಗೆ ತಲೆನೋವಂತೆ." ಒತ್ತು. "ನಿನಗೆ ಬರುತ್ತಾ, ನನ್ನ ಹಾಡು ಕೇಳಿದ್ರೆ?"

'ನಿನಗೆ' ಅಂದ್ಲು!

"ಕೇಳಿ," ಅವನು ತೊದಲಿದ, "ಅವತ್ತು ಇದೇ ಜಾಗದಲ್ಲಿ ಕೂತು ನಿಮ್ಮ ದನಿ ಕೇಳ್ದೆ. ಯಾರ ಹತ್ರಾನೂ ನಾನು ಹಾಗೆ ಮನಸ್ಸು ಬಿಚ್ಚಿ ಮಾತಾಡಿಲ್ಲ. ದೇವರಿರ್ಲಿ, ನಮ್ಮಣ್ಣನ ಹತ್ರಾನೂ ಇಲ್ಲ. ಆವತ್ತಿಂದ ನನ್ನ ಎದೇಲಿ ಏನೋ ಸರಿಯಿಲ್ಲ. ರಿಪೇರಿ ಮಾಡೋಕೂ ಬರ್ತಿಲ್ಲ. ನಾನು ನಿಮ್ಮನ್ನ... ನಿನ್ನನ್ನ ಪ್ರೀತಿಸ್ತೀನಿ."

ಗೋಡೆ ಒತ್ತೋದೇ ಮರೆತ್ಲು.

ಹೊರಗೆ ಹಾಡಿನ ಮಧ್ಯೆ ಆರ್ಗನ್ "ಊಂಂಂ..." ಅಂತ ನಿದ್ದೆ ಬಂದ ಎಮ್ಮೆಯ ಹಾಗೆ ಕುಸೀತು. ಅವನ ಮಾತು ಕೊಳವೆಗಳೊಳಗಿಂದ ಹಾದು ಕೆಳಗಿನ ತನಕ ಕೇಳಿಸಿತ್ತು, ಜನ ತಲೆ ಎತ್ತಿ ಬಾಲ್ಕನಿ ನೋಡಿದ್ರು. ದೊಡ್ಡಮ್ಮ ಸೊಂಟಕ್ಕೆ ಕೈಯಿಟ್ಟು ಕೆಳಗಿನಿಂದಲೇ ಕೂಗಿದ್ಲು:

"ಏ ಹುಡುಗಿ! ಒಪ್ಕೊಳ್ಳೋದಾದ್ರೆ ಬೇಗ ಒಪ್ಕೋ, ಮೂರನೇ ಚರಣ ಬಾಕಿ ಇದೆ!"

ಚರ್ಚಿಗೆ ಚರ್ಚೇ ನಕ್ಕಿತು. ಗೋಡೆ ಕೆಂಪಾಗಿ ಮತ್ತೆ ಹಿಡಿ ಹಿಡಿದ್ಲು. ಈ ಸಲ ಅದರ ಮೇಲೆ ನಾಲ್ಕು ಕೈ ಇದ್ವು. ಮೂರನೇ ಚರಣ ಎಷ್ಟು ಜೋರಾಗಿ ಬಂತು ಅಂದ್ರೆ, ಮೂರು ಬೀದಿ ಆಚೆಯ ಕಿವುಡಜ್ಜ "ಯಾರದು ಕದ ತಟ್ಟಿದ್ದು?" ಅಂತ ಬಾಗಿಲು ತೆಗೆದ.

ಆರಾಧನೆ ಮುಗೀತು. ಜನ ಕರಗಿದ್ರು. ಇಬ್ಬರೂ ಬಾಲ್ಕನಿಯ ಮೆಟ್ಟಿಲ ಮೇಲೆ ಕೂತ್ರು, ಒಬ್ಬರಿಗಿಂತ ಒಬ್ಬರು ಧೂಳು.

"ನಾನು ನಿನ್ನಷ್ಟು ನಂಬೋನಲ್ಲ," ಅವನು ಮೆಲ್ಲಗೆ ಅಂದ. "ಮೊದಲೇ ಹೇಳಿಬಿಡ್ತೀನಿ. ಇನ್ನು ನಿನ್ನ ಹತ್ರ ಏನೂ ಮುಚ್ಚಿಡಲ್ಲ."

"ನನ್ನಷ್ಟು ಅನ್ನೋಕೆ ಅದೇನು ಬಟ್ಟೆನಾ, ಅಳತೆ ಹಿಡಿಯೋಕೆ? ಬಂದು ಪಕ್ಕದಲ್ಲಿ ಕೂತ್ಕೋ. ಮಾತು ಬಂದಾಗ ಮಾತಾಡು. ಬರದಿದ್ರೆ ನನಗಾದ್ರೂ ಒಂದು ನಿಮಿಷ ಬಾಯಿ ಮುಚ್ಚೋಕೆ ಕಲಿಸು."

ಅವನು ನಕ್ಕ. ಆಮೇಲೆ ಹೆದರಿ ಹೆದರಿ ಕೇಳಿದ.

"ನನ್ನ ಬಗ್ಗೆ ಯೇಸಪ್ಪನನ್ನ ಕೇಳಿದ್ಯಾ?"

"ಊಹೂಂ. ಕೇಳ್ಲಿಲ್ಲ." ಅವಳು ಅವನ ಭುಜದ ಮೇಲಿನ ಜೇಡರಬಲೆ ತೆಗೆದು ಊದಿದ್ಲು. "ಈ ಸಲ ಹೇಳಿಬಿಟ್ಟೆ."

"ಏನಂದ?"

"ಏನೂ ಅನ್ನಲಿಲ್ಲ. ನಾನೂ ಕಾಯ್ಲಿಲ್ಲ, ಓಡಿ ಬಂದೆ."

ಇಷ್ಟೇ ಕಥೆ. ನಂಬಿದ್ರಿ ತಾನೇ? ಸರಿ ಹಾಗಾದ್ರೆ, ನನ್ನದೊಂದು ಸಣ್ಣ ಕೆಲಸ ಮಾಡ್ಕೊಡಿ. ನಮ್ಮ ಬೀದಿಯವರು ಇದನ್ನ ಕೇಳಿ "ಸಾಕ್ಷಿ ಎಲ್ಲಿ?" ಅಂತಿದ್ದಾರೆ. ನಾಳೆ ನಿಮ್ಮನ್ನ ಕರ್ಕೊಂಡು ಹೋಗ್ತೀನಿ. ನೀವು ಆ ಭಾನುವಾರ ಬಾಗಿಲ ಪಕ್ಕದ ಬೆಂಚಲ್ಲೇ ಕೂತಿದ್ರಿ, ಎಲ್ಲಾ ಕಣ್ಣಾರೆ ನೋಡಿದ್ರಿ. ಹಾಗಂತ ಹೇಳ್ಬೇಕು. ಮೀಸೆ ವಿಷಯ ಕೇಳಿದ್ರೆ, "ಅದು ನನ್ನದೇ" ಅಂತ ಒಪ್ಕೊಂಡುಬಿಡಿ.